ಭದ್ರವಾಗಿಟ್ಟ ಬೀಗದ ಕೈ

ಮನೆಯಲ್ಲಿ ಒಂದು ವಸ್ತು ಕಾಣೆಯಾಗುವುದಕ್ಕೆ ಎರಡು ದಾರಿಗಳಿವೆ. ಒಂದು, ಅದನ್ನು ಎಲ್ಲೆಂದರಲ್ಲಿ ಬಿಸಾಡುವುದು. ಇನ್ನೊಂದು, ಭದ್ರವಾಗಿ ಇಡುವುದು. ಬಿಸಾಡಿದ್ದು ಇವತ್ತಲ್ಲ ನಾಳೆ ಕಾಲಿಗಾದರೂ ತೊಡರಿ ಸಿಗುತ್ತದೆ. ಭದ್ರವಾಗಿಟ್ಟದ್ದು ಮಾತ್ರ ಸಿಗುವುದಿಲ್ಲ. ನಾನು ‘ಭದ್ರವಾಗಿಟ್ಟಿದೀನಿ’ ಎಂದು ಹೇಳಿದ ಕೂಡಲೇ ನಮ್ಮ ಯಜಮಾನರು ಆ ವಸ್ತುವಿನ ಆಸೆ ಬಿಟ್ಟು, ಹೊಸದನ್ನು ತರಲು ಚೀಲ ಹುಡುಕುತ್ತಾರೆ. ನನ್ನ ಮೂಗುಬೊಟ್ಟಿನ ತಿರುಪು, ಮಿಕ್ಸಿಯ ಗ್ಯಾರಂಟಿ ಕಾರ್ಡು, ಅವರ ಹಳೆಯ ಕನ್ನಡಕ, ಎಲ್ಲವೂ ಈ ಮನೆಯೊಳಗೇ ಇವೆ. ಕಳ್ಳರ ಮಾತಿರಲಿ, ನನಗೇ ಸಿಗದಷ್ಟು ಭದ್ರವಾಗಿವೆ. ನಿವೃತ್ತಿಯ ಸಮಯದಲ್ಲಿ ಪಿಂಚಣಿಯ ಕಡತಕ್ಕೆ ನನ್ನ ಪದವಿ ಪ್ರಮಾಣಪತ್ರ ಬೇಕಾದಾಗ ಮನೆಯ ಅಟ್ಟವನ್ನೆಲ್ಲ ಕೆಳಗಿಳಿಸಿ, ಕೊನೆಗೆ ಅದು ಅಕ್ಕಿ ಡಬ್ಬದ ತಳದಲ್ಲಿ ಮೂರು ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿತು. ಅಷ್ಟು ವರ್ಷ ನಾವು ಉಂಡ ಅನ್ನವೆಲ್ಲ ಬಿ.ಎ. ಪಾಸಾದ ಅಕ್ಕಿಯದು ಎಂದು ಯಜಮಾನರು ಈಗಲೂ ನೆಂಟರ ಎದುರು ಹೇಳುತ್ತಾರೆ.

ಅವರು ನಗಲಿ. ಆ ಕಾಗದ ನನಗೆ ಸುಮ್ಮನೆ ಬಂದದ್ದಲ್ಲ. ನಮ್ಮಪ್ಪ ಚಿಕ್ಕಪೇಟೆಯಲ್ಲಿ ಬಟ್ಟೆಯ ಮೂಟೆ ಹೊರುತ್ತಿದ್ದವರು. ಊರಿನ ಮದುವೆಗಳ ರೇಷ್ಮೆಯೆಲ್ಲ ಅವರ ಬೆನ್ನ ಮೇಲಿನಿಂದಲೇ ಹಾದುಹೋಗಿದೆ, ಅದರಲ್ಲಿ ಒಂದು ಗಜವೂ ನಮ್ಮ ಮನೆಗೆ ಬರಲಿಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನಿಂದ ಸಹಿಗೆ ದಾಟಿದವರೇ ಕಡಿಮೆ, ಪದವಿಗೆ ದಾಟಿದವಳು ನಾನೊಬ್ಬಳೇ. ಹಗಲು ಒಂದು ಅಂಗಡಿಯಲ್ಲಿ ಸೀರೆ ಮಡಿಸಿ, ಸಂಜೆ ಶೇಷಾದ್ರಿಪುರದ ಕಾಲೇಜಿಗೆ ನಡೆದು ಹೋಗಿ, ಬೆಂಚಿನ ಮೇಲೆ ತೂಕಡಿಸುತ್ತ ತೂಕಡಿಸುತ್ತ ಬಿ.ಎ. ಮಾಡಿದೆ. ಆಮೇಲೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ಹೊರಬಂದೆ. ಚಾಮರಾಜಪೇಟೆಯಲ್ಲಿ ಈ ಚಿಕ್ಕ ಮನೆ ಕೊಂಡಾಗ ಗೇಟಿನ ಮೇಲೆ ‘ಸರೋಜಮ್ಮ, ಬಿ.ಎ.’ ಎಂದು ಬೋರ್ಡು ಹಾಕಿಸಿದೆ. ಇದೇ ರಸ್ತೆಯಲ್ಲಿ ಡಾಕ್ಟರೇಟ್ ಮಾಡಿದವರು ಬೋರ್ಡೇ ಇಲ್ಲದೆ ಬದುಕಿದ್ದಾರೆ. ಕೊರಿಯರ್ ತರುವ ಹುಡುಗ ಒಮ್ಮೆ ‘ಬಿ.ಎ. ಅನ್ನೋದು ಇನಿಶಿಯಲ್ಲಾ ಆಂಟಿ?’ ಎಂದು ಕೇಳಿದ. ‘ಅಲ್ಲಪ್ಪ, ಅದು ಆಸ್ತಿ’ ಎಂದೆ.

ಆಸ್ತಿ ಇದ್ದ ಮೇಲೆ ಕಾವಲು ಬೇಕಲ್ಲ. ಎರಡು ವರ್ಷದ ಹಿಂದೆ ಹಿಂದಿನ ರಸ್ತೆಯಲ್ಲಿ ಯಾರದೋ ಮನೆಯ ಹೊರಗಿದ್ದ ಹಿತ್ತಾಳೆ ನಲ್ಲಿಯನ್ನು ಕಳ್ಳರು ಬಿಚ್ಚಿಕೊಂಡು ಹೋದರು. ನಮ್ಮ ಮನೆಯಲ್ಲಿರುವುದು ಪ್ಲಾಸ್ಟಿಕ್ ನಲ್ಲಿ. ಆದರೂ ನನಗೆ ನಿದ್ದೆ ಬರಲಿಲ್ಲ. ಮುಂದಿನ ವರಾಂಡಕ್ಕೆ ಮೇಲಿನಿಂದ ಕೆಳಗಿನವರೆಗೆ ಕಬ್ಬಿಣದ ಗ್ರಿಲ್ ಹಾಕಿಸಿದೆ. ಬೀಗ ಕೊಳ್ಳಲು ನಾನೇ ಮಾರ್ಕೆಟ್ಟಿಗೆ ಹೋದೆ. ಅಂಗಡಿಯವರು ತೋರಿಸಿದ್ದನ್ನೆಲ್ಲ ಎಳೆದು ಜಗ್ಗಿ ಬೇಡವೆಂದು, ಕೊನೆಗೆ ಒಳಗಿನಿಂದ ಒಂದು ಕರಿ ಬೀಗ ತರಿಸಿದೆ. ತೆಂಗಿನಕಾಯಿಯ ಹೋಳಿನಷ್ಟು ದಪ್ಪ, ಕೈಗೆ ತೆಗೆದುಕೊಂಡರೆ ಕೈಯೇ ಕೆಳಗಿಳಿಯಬೇಕು. ‘ಇದನ್ನ ಕಳ್ಳ ಬಿಡೀಮ್ಮ, ನೀವೇ ತೆಗೆಯಕ್ಕಾಗಲ್ಲ’ ಎಂದರು ಅಂಗಡಿಯವರು. ಹೊಗಳುತ್ತಿದ್ದಾರೆ ಎಂದುಕೊಂಡೆ.

ಆ ಬೀಗಕ್ಕೆ ಮೂರು ಬೀಗದ ಕೈ ಬಂದವು. ಕನ್ನಡದಲ್ಲಿ ಇದಕ್ಕೆ ಕೈ ಎಂದು ಯಾರು ಹೆಸರಿಟ್ಟರೋ, ಅವರ ಬುದ್ಧಿಗೆ ನಾನು ಆಮೇಲೆ ಬೆರಗಾದೆ. ಆಗ ನನಗೆ ಅದು ಬರೀ ‘ಕೀ’. ಒಂದನ್ನು ಯಜಮಾನರಿಗೆ ಕೊಟ್ಟೆ. ಒಂದನ್ನು ನಾನು ಭದ್ರವಾಗಿಟ್ಟೆ. ಎಲ್ಲಿ ಎಂದು ಕೇಳಬೇಡಿ; ನೀವು ಈಗ ಕೇಳಬಹುದಾದ ಪ್ರಶ್ನೆಯನ್ನು ನಾನು ಎರಡು ವರ್ಷ ಕೇಳಿಕೊಂಡಿದ್ದೇನೆ. ಮೂರನೆಯದನ್ನು ‘ನಾನು ನೋಡ್ಕೋತೀನಿ ಬಿಡು’ ಎಂದು ಯಜಮಾನರೇ ಇಟ್ಟುಕೊಂಡರು. ಜೊತೆಗೆ ನಾನು ಒಂದು ಕಾನೂನು ಮಾಡಿದೆ: ಹೊರಗೆ ಹೋಗುವವರು, ಒಳಗೆ ಯಾರಿದ್ದರೂ ಸರಿಯೆ, ಬೀಗ ಹಾಕಿಕೊಂಡೇ ಹೋಗಬೇಕು. ಬೆಳಿಗ್ಗೆ ಅವರು ವಾಕಿಂಗ್ ಹೊರಟಾಗ ಹೊರಗಿನಿಂದ ಬೀಗ ಬೀಳುವ ಸದ್ದು ಕೇಳಿದರೆ ನಾನು ಮಗ್ಗುಲು ಬದಲಿಸಿ ಇನ್ನೊಂದು ಸುತ್ತು ನಿದ್ದೆ ಮಾಡುತ್ತಿದ್ದೆ. ಅಷ್ಟು ನೆಮ್ಮದಿ.

ಹೀಗಿರುವಾಗ ಬಸವನಗುಡಿಯ ಒಂದು ಮಹಿಳಾ ಸಂಘದಿಂದ ದೀಪಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಅವರ ವಾರ್ಷಿಕ ಸಭೆಯಲ್ಲಿ ನಾನು ಮಾತಾಡಬೇಕಂತೆ. ವಿಷಯ: ‘ಮುಕ್ತ ಮತ್ತು ಸುರಕ್ಷಿತ ಸಮಾಜ - ನನ್ನ ಕನಸು’. ‘ನಾನ್ಯಾಕಮ್ಮ? ದೊಡ್ಡವರು ಎಷ್ಟೋ ಜನ ಇದಾರೆ’ ಎಂದೆ. ‘ದೊಡ್ಡವರು ಪ್ರತಿವರ್ಷ ಮಾತಾಡ್ತಾರೆ ಮೇಡಂ. ಗೇಟಲ್ಲಿ ನಿಮ್ಮ ಬೋರ್ಡು ನೋಡ್ದೆ. ಯಾರೋ ಕಷ್ಟಪಟ್ಟು ಓದಿರೋರು ಅನ್ನಿಸ್ತು’ ಎಂದಳು. ಹತ್ತಾರು ವರ್ಷ ಆ ಬೋರ್ಡಿಗೆ ಬಣ್ಣ ಹೊಡೆಸಿದ್ದು ಸಾರ್ಥಕವಾಯಿತು. ಕಚೇರಿಯಲ್ಲಿದ್ದಷ್ಟು ಕಾಲ ಸಾಹೇಬರ ಭಾಷಣಗಳನ್ನು ನಾನು ಟೈಪು ಮಾಡಿಸಿದ್ದೇನೆ, ತಪ್ಪು ತಿದ್ದಿದ್ದೇನೆ, ಮಡಚಿ ಅವರ ಜೇಬಿಗೆ ಸೇರಿಸಿದ್ದೇನೆ. ವೇದಿಕೆಯ ಮೆಟ್ಟಿಲನ್ನು ಮಾತ್ರ ಹತ್ತಿರಲಿಲ್ಲ, ಹೂಗುಚ್ಛ ಎತ್ತಿಕೊಡಲು ಪಕ್ಕದಲ್ಲಿ ನಿಂತದ್ದಷ್ಟೇ. ಮೊದಲ ಸಲ ನನ್ನ ಮಾತಿಗೆ ಕುರ್ಚಿ ಹಾಕಿಟ್ಟು ಕರೆದಿದ್ದರು. ಅದನ್ನು ತಪ್ಪಿಸಿಕೊಂಡರೆ ಇನ್ನೊಮ್ಮೆ ಕರೆಯುವವರು ಯಾರು?

ಒಂದು ವಾರ ಕೂತು ಬರೆದೆ. ಕನಸು ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಟಿಪ್ಪಣಿ ಬರೆದು ರೂಢಿಯಾದ ಕೈ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಶುರುಮಾಡುತ್ತಿತ್ತು. ಅದನ್ನು ಹೊಡೆದುಹಾಕಿ, ಕಣ್ಣು ಮುಚ್ಚಿ, ನನಗೆ ನಿಜವಾಗಿ ಏನು ಬೇಕು ಎಂದು ಕೇಳಿಕೊಂಡಾಗ ಮೊದಲು ಕಂಡದ್ದು ಪಾರ್ಕಿನ ಒಂದು ಕಲ್ಲುಬೆಂಚು. ಊರಿನ ಯಾವ ಪಾರ್ಕಿಗಾದರೂ ಮಧ್ಯಾಹ್ನ ಹೋಗಿ ನೋಡಿ. ಬೆಂಚಿನ ಮೇಲೆ ಒಬ್ಬ ಗಂಡಸು ಚಪ್ಪಲಿಯನ್ನು ತಲೆಯ ಕೆಳಗಿಟ್ಟುಕೊಂಡು, ಪೇಪರನ್ನು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿರುತ್ತಾನೆ. ಒಂದು ಕೈ ಕೆಳಗೆ ನೇತಾಡುತ್ತಿರುತ್ತದೆ. ನಾನು ಆ ದೃಶ್ಯವನ್ನು ಚಿಕ್ಕಂದಿನಿಂದ ಬೆರಗಿನಿಂದ ನೋಡುತ್ತ ಬಂದಿದ್ದೇನೆ. ಆ ನೇತಾಡುವ ಕೈಯಲ್ಲಿ ಎಷ್ಟು ನಂಬಿಕೆ ಇದೆ. ಹೆಂಗಸೊಬ್ಬಳು ಹಾಗೆ ಮಲಗಿದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಮಲಗಿದರೆ ಆಂಬುಲೆನ್ಸ್ ಕರೆಯುತ್ತಾರೆ, ಇಲ್ಲವೇ ಪೊಲೀಸರನ್ನು. ಆದ್ದರಿಂದ ಬರೆದೆ: ನನ್ನ ಸಮಾಜದಲ್ಲಿ ಹೆಂಗಸೊಬ್ಬಳು ಪಾರ್ಕಿನ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಮಾಡಬಹುದು. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಇನ್ನೊಂದು ಸಾಲು ಇರುವುದಿಲ್ಲ. ಹುಡುಗಿ ಎಷ್ಟು ಹೊತ್ತಿಗೆ ಬಂದಳು ಎಂದು ಯಾರಾದರೂ ಕೇಳಿದರೆ, ಅದು ಅವಳಿಗೆ ಅನ್ನ ಬಿಸಿಮಾಡಿ ಕೊಡುವುದಕ್ಕೇ ಆಗಿರುತ್ತದೆ. ಯಜಮಾನರಿಗೆ ಓದಿ ಹೇಳಿದೆ. ‘ಬೆಂಚ್ ಮೇಲೆ ಮಲಗೋಕೆ ಸ್ವಾತಂತ್ರ್ಯ ಯಾಕೆ ಸರೋಜ, ಸೊಳ್ಳೆ ಬತ್ತಿ ಸಾಕಲ್ಲ’ ಎಂದರು.

ನಾನು ಹುಟ್ಟಿದ ವಠಾರಕ್ಕೆ ಬೀಗವೇ ಇರಲಿಲ್ಲ. ಚಿಕ್ಕಪೇಟೆಯ ಹಿಂದಿನ ಗಲ್ಲಿ, ಎಂಟು ಮನೆ, ಒಂದು ನಲ್ಲಿ. ಬಾಗಿಲಿಗೆ ಚಿಲಕ ಹಾಕಿ ಅದಕ್ಕೊಂದು ಕಡ್ಡಿ ಸಿಕ್ಕಿಸಿದರೆ ಅದೇ ಭದ್ರತೆ. ಹಾಗೆಂದು ಅದನ್ನು ಸ್ವರ್ಗ ಎಂದು ಹೇಳಲಾರೆ. ವಠಾರದಲ್ಲಿ ಕಳ್ಳ ಬರುತ್ತಿರಲಿಲ್ಲ, ಯಾಕೆಂದರೆ ಎಂಟು ಮನೆಯ ಕಣ್ಣು ತಪ್ಪಿಸಿ ಇಲಿಯೂ ಬರುವಂತಿರಲಿಲ್ಲ. ಆದರೆ ಆ ಕಣ್ಣುಗಳು ಕಳ್ಳನಿಗಿಂತ ಹೆಚ್ಚಾಗಿ ನನ್ನನ್ನೇ ನೋಡುತ್ತಿದ್ದವು. ಕಾಲೇಜು ಮುಗಿಸಿ ಬಂದರೆ ನಲ್ಲಿಯ ಹತ್ತಿರ ಯಾರಾದರೂ ಒಬ್ಬರು ‘ಏನ್ ಸರೋಜ, ಇವತ್ತು ಬಹಳ ಹೊತ್ತಾಯ್ತು’ ಎನ್ನುತ್ತಿದ್ದರು. ಒಂದು ದಿನ ನಮ್ಮಪ್ಪ ಹೊಸ್ತಿಲ ಮೇಲೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂತಿದ್ದವರು, ‘ನನ್ ಮಗಳು ಬರೋ ಹೊತ್ತು ನನಗೆ ಗೊತ್ತು ಕಣ್ರೋ. ನೀವು ನಿಮ್ಮನೆ ಗಡಿಯಾರಕ್ಕೆ ಕೀ ಕೊಟ್ಕೊಳ್ಳಿ’ ಎಂದರು. ಆಮೇಲೆ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ನೋಡುವುದನ್ನು ನಿಲ್ಲಿಸಲೂ ಇಲ್ಲ.

ನನ್ನ ದೊಡ್ಡಮ್ಮನ ಮಗಳು ಸುಶೀಲ ಅದೇ ವಠಾರದವಳು, ಓದಿನಲ್ಲಿ ನನಗಿಂತ ಚುರುಕು. ಬಾಯಿಲೆಕ್ಕದಲ್ಲಿ ಅಂಗಡಿ ಸೇಟುಗಳೂ ಅವಳ ಮುಂದೆ ನಿಲ್ಲುತ್ತಿರಲಿಲ್ಲ. ಕಾಲ ಸರಿಯಿಲ್ಲ, ಹೆಣ್ಣುಮಗಳನ್ನು ಭದ್ರವಾಗಿ ನೋಡಿಕೊಳ್ಳಬೇಕು ಎಂದು ಏಳನೆಯ ಕ್ಲಾಸಿಗೇ ಬಿಡಿಸಿದರು. ಭದ್ರವಾಗಿಯೇ ಇಟ್ಟರು. ಆ ಲೆಕ್ಕದ ಬುದ್ಧಿಯನ್ನು ಎಲ್ಲಿಟ್ಟರು ಎಂದು ಈಗ ಯಾರಿಗೂ ನೆನಪಿಲ್ಲ, ಅವಳಿಗೂ ನೆನಪಿಲ್ಲ. ಭಾಷಣದಲ್ಲಿ ಇದನ್ನು ಬರೆಯಲು ಹೋದೆ, ಕೈ ಬರಲಿಲ್ಲ.

ಇನ್ನು ಎದುರುಮನೆಯ ವನಜಾಕ್ಷಮ್ಮನವರ ವಿಷಯ ಹೇಳಬೇಕು. ವಯಸ್ಸು ಎಂಬತ್ತರ ಹತ್ತಿರ, ಮಂಡಿನೋವು, ಮಾತು ಖಡಕ್ಕು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಒಬ್ಬರೇ. ನಾವು ಈ ಮನೆಗೆ ಬಂದ ಮೊದಲ ದಿನವೇ ತಮ್ಮ ಗೇಟಿನ ಹತ್ತಿರ ನಿಂತು, ‘ನೀವು ಯಾವ ಕಡೆಯವರು?’ ಎಂದು ಕೇಳಿದರು. ಈ ಪ್ರಶ್ನೆ ಊರು ಕೇಳುವುದಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆಗೆ ನಿಜ ಹೇಳಿ, ‘ಮೊನ್ನೆ ತಾನೇ ಕೊಟ್ಬಿಟ್ವಲ್ಲ’ ಎಂಬ ಉತ್ತರವನ್ನು ಎಷ್ಟೋ ಗೇಟುಗಳಲ್ಲಿ ಕೇಳಿದ್ದೇನೆ. ಇದು ನನ್ನ ಸ್ವಂತ ಮನೆ. ‘ಚಿಕ್ಕಪೇಟೆ ಕಡೆಯವರು’ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ‘ಓ, ಹತ್ತಿರಾನೇ’ ಎಂದರು. ಅಲ್ಲಿಂದ ಮುಂದೆ ನಮ್ಮದು ಗೇಟಿನ ಸ್ನೇಹ. ಗೌರಿ ಹಬ್ಬಕ್ಕೆ ಅವರ ಕಡೆಯಿಂದ ಕೋಸಂಬರಿ ಅವರ ಗೇಟಿನ ಮೇಲಿನಿಂದ ಬರುತ್ತಿತ್ತು, ನನ್ನ ಕಡೆಯಿಂದ ಬಾಳೆಹಣ್ಣು ಅದೇ ಗೇಟಿನ ಮೇಲಿನಿಂದ ಹೋಗುತ್ತಿತ್ತು. ಅವರು ನಮ್ಮ ಮೆಟ್ಟಿಲು ಹತ್ತಲಿಲ್ಲ, ನಾನು ಅವರ ಹೊಸ್ತಿಲು ದಾಟಲಿಲ್ಲ. ಹಾಲು ಹೆಪ್ಪಿಡಲು ಒಂದು ಚಮಚ ಮೊಸರು ಬೇಕಾದರೂ ನಾನು ಅವರನ್ನು ಕೇಳದೆ ಮೂಲೆಯ ಅಂಗಡಿಗೆ ನಡೆಯುತ್ತಿದ್ದೆ. ಬಿ.ಎ. ಮಾಡಿದವಳಿಗೆ ಅಷ್ಟು ಬಿಗುಮಾನ ಇರಬೇಡವೆ?

ಸಭೆಯ ದಿನ ಬಂತು. ಯಜಮಾನರು ಎಂದಿನಂತೆ ವಾಕಿಂಗ್ ಹೊರಟರು, ಎಂದಿನಂತೆ ಬೀಗ ಬಿತ್ತು, ಎಂದಿನಂತೆ ನಾನು ಮಗ್ಗುಲು ಬದಲಿಸಿದೆ. ಎದ್ದು ಸ್ನಾನ ಮಾಡಿ, ಮಗಳ ಮದುವೆಗೆ ತೆಗೆದಿದ್ದ ರೇಷ್ಮೆ ಸೀರೆ ಉಟ್ಟು, ಭಾಷಣದ ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿ ಕಾದೆ. ಅವರು ಬರಲಿಲ್ಲ. ಫೋನ್ ಮಾಡಿದೆ. ಅವರ ಫೋನು ನಮ್ಮ ಫ್ರಿಜ್ಜಿನ ಮೇಲೆಯೇ ಬಡಿದುಕೊಂಡಿತು. ಆಮೇಲೆ ತಿಳಿದದ್ದು, ಅವರು ವಾಕಿಂಗಿನಿಂದ ಹಾಗೇ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯ ಹತ್ತಿರ ಮಂಡಿ ಆಪರೇಷನ್ ಮಾಡಿಸಿಕೊಂಡ ಗೆಳೆಯರ ಹೊಸ ಮಂಡಿಯನ್ನು ನೋಡಲು ಹೋಗಿದ್ದರು. ನನ್ನ ಭಾಷಣ ನಾಳೆ ಎಂದುಕೊಂಡಿದ್ದರಂತೆ.

ನಮ್ಮ ಮನೆಗೆ ಹಿಂಬಾಗಿಲಿಲ್ಲ, ಹಿಂದೆ ಇನ್ನೊಬ್ಬರ ಗೋಡೆ. ನನ್ನ ಕೀ ಹುಡುಕಲು ಕೂತೆ. ಅಕ್ಕಿ ಡಬ್ಬ, ಬೇಳೆ ಡಬ್ಬ, ದೇವರ ಪಟದ ಹಿಂದೆ, ಹಳೆಯ ಪರ್ಸು, ಹೊಲಿಗೆ ಮೆಷಿನ್ನಿನ ಹೊಟ್ಟೆ. ಮೂಗುಬೊಟ್ಟಿನ ತಿರುಪು ಸಿಕ್ಕಿತು, ಅದನ್ನು ಮತ್ತೆ ಭದ್ರವಾಗಿಟ್ಟೆ. ಕೀ ಸಿಗಲಿಲ್ಲ. ಅಷ್ಟರಲ್ಲಿ ಹೊರಗೆ ಆಟೋ ನಿಂತಿತು, ದೀಪಾ ಇಳಿದಳು.

‘ರೆಡಿನಾ ಮೇಡಂ? ಬನ್ನಿ.’

‘ರೆಡಿ ಇದೀನಮ್ಮ. ಬರಕ್ಕಾಗಲ್ಲ’ ಎಂದೆ.

ಅವಳು ಬೀಗ ನೋಡಿದಳು, ನನ್ನನ್ನು ನೋಡಿದಳು. ಸ್ವತಂತ್ರ ಸಮಾಜದ ಬಗ್ಗೆ ಮಾತಾಡಬೇಕಾದವಳು ರೇಷ್ಮೆ ಸೀರೆಯಲ್ಲಿ ಗ್ರಿಲ್ ಹಿಡಿದು ನಿಂತಿದ್ದೆ. ಒಬ್ಬರು ನಿಂತರೆ ಹತ್ತು ಜನ ಸೇರುವ ರಸ್ತೆ ನಮ್ಮದು. ಸೊಪ್ಪಿನ ಗಾಡಿಯವರು ನಿಂತರು. ಮೂಲೆಯ ಪೀಜಿಯಿಂದ ಎರಡು ಹುಡುಗಿಯರು ಕಿವಿಯಿಂದ ಇಯರ್‌ಫೋನ್ ತೆಗೆದು ಬಂದರು. ಆಟೋದವರು ಬೀಗವನ್ನು ಕೈಯಲ್ಲಿ ತೂಗಿ, ‘ಏನ್ ಮಾಲು ಅಕ್ಕ ಇದು, ಖಜಾನೆಗೆ ಹಾಕೋದು’ ಎಂದು ಮೆಚ್ಚಿದರು. ನನಗೆ ಆ ಸಂಕಟದಲ್ಲೂ ಸ್ವಲ್ಪ ಹೆಮ್ಮೆಯಾಯಿತು. ಮಾರ್ಕೆಟ್ಟಿನಿಂದ ನಕಲಿ ಕೀ ಮಾಡುವವರನ್ನು ಕರೆತರಬಹುದು, ಆದರೆ ಒಂದು ಗಂಟೆಯಾದರೂ ಬೇಕು ಎಂದೂ ಅವರೇ ಹೇಳಿದರು. ಕಟಿಂಗ್ ಮೆಷಿನ್ ತರಿಸಿದರೆ ಗ್ರಿಲ್ಲೇ ಹೋಗುತ್ತದೆ ಎಂದರು ಸೊಪ್ಪಿನವರು. ಪೀಜಿ ಹುಡುಗಿಯೊಬ್ಬಳು, ‘ಆಂಟಿ, ವಿಡಿಯೋ ಕಾಲಲ್ಲಿ ಇಲ್ಲಿಂದಾನೇ ಸ್ಪೀಚ್ ಕೊಟ್ಬಿಡಿ’ ಎಂದಳು.

‘ಅದೂ ಆಗುತ್ತೆ ಮೇಡಂ’ ಎಂದಳು ದೀಪಾ, ಗಡಿಯಾರ ನೋಡುತ್ತ. ‘ಹಿಂದೆ ಗ್ರಿಲ್ ಕಾಣದಿರೋ ಹಾಗೆ ಕೂತ್ಕೊಳ್ಳಿ. ಟಾಪಿಕ್ಕಿಗೆ ಸರಿಹೋಗಲ್ಲ.’

‘ಕಾಣೋ ಹಾಗೆ ಕೂತ್ರೆ ಮಾತಾಡೋದೇ ಬೇಡ, ಎಲ್ರಿಗೂ ಅರ್ಥ ಆಗುತ್ತೆ’ ಎಂದರು ಆಟೋದವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ಕುರ್ಚಿ ಹಾಕಿಟ್ಟು ಕಾಯುತ್ತಿರುವ ಆ ಸಭೆ ನನ್ನ ಕೈತಪ್ಪಿ ಹೋಗುತ್ತಿದೆ ಎಂದು ನಿಮಿಷ ಎಣಿಸುತ್ತಿದ್ದೆ. ಅಷ್ಟು ಹೊತ್ತಿಗೆ ಎದುರುಮನೆಯ ಬಾಗಿಲು ತೆರೆಯಿತು. ವನಜಾಕ್ಷಮ್ಮನವರು ಪೂಜೆ ಮುಗಿಸಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹೊರಗೆ ಬಂದರು.

‘ಏನ್ರೀ ಸರೋಜಮ್ಮ, ಏನಿದು ಗುಂಪು? ಎಲ್ರೂ ಆರೋಗ್ಯ ತಾನೆ?’

‘ಏನಿಲ್ಲ, ಒಳಗೇ ಉಳಿದ್ಬಿಟ್ಟಿದೀನಿ. ಇವರು ಬೀಗ ಹಾಕ್ಕೊಂಡು ಹೋಗ್ಬಿಟ್ಟಿದಾರೆ’ ಎಂದೆ.

‘ಅದಕ್ಕೆ ಇಷ್ಟು ಜನಾನಾ? ನನ್ನ ಒಂದು ಕೂಗು ಕೂಗೋದಲ್ವಾ’ ಎಂದು ಗದರಿ ಒಳಗೆ ಹೋದರು. ಕೂಗಿದರೆ ಇವರೇನು ಮಾಡುತ್ತಾರೆ, ಮಂತ್ರ ಹಾಕಿ ತೆರೆಯುತ್ತಾರೆಯೆ ಎಂದುಕೊಂಡೆ. ಅವರು ತಿರುಗಿ ಬಂದರು. ಗೋಡೆ ಹಿಡಿದು ಮೆಟ್ಟಿಲಿಳಿದರು, ಗೇಟು ತೆಗೆದರು, ರಸ್ತೆ ದಾಟಿದರು. ಇಷ್ಟು ವರ್ಷದಲ್ಲಿ ಅವರು ನಮ್ಮ ಕಡೆಗೆ ರಸ್ತೆ ದಾಟಿದ್ದನ್ನು ನಾನು ನೋಡಿದ್ದು ಅವತ್ತೇ. ಅಂಗೈ ಬಿಚ್ಚಿದರು. ಅದರಲ್ಲಿ ನಮ್ಮ ಮನೆಯ ಕೀ ಇತ್ತು. ಅದಕ್ಕೆ ಒಂದು ಅರಿಶಿನದ ದಾರ, ಮೇಲೆ ಒಣಗಿದ ಕುಂಕುಮದ ಬೊಟ್ಟು.

‘ನಿಮ್ಮ ಯಜಮಾನ್ರು ಬೀಗ ತಂದ ವಾರಾನೇ ಕೊಟ್ಟಿದ್ರು. ನಮ್ಮ ಸರೋಜ ಅವಳದ್ದನ್ನ ಭದ್ರವಾಗಿಟ್ಟಿದಾಳೆ, ಇದು ನಿಮ್ಮ ಹತ್ರ ಇರ್ಲಿ ಅಂದ್ರು. ನಿಮಗೆ ಹೇಳಿಲ್ವಾ?’

‘ಇಲ್ಲ’ ಎಂದೆ. ‘ಇದಕ್ಕೆ ಕುಂಕುಮ?’

‘ದೇವರ ಮನೇಲಿ ಇಟ್ಟಿದ್ನಲ್ಲ. ಆಯುಧಪೂಜೆ ದಿನ ನಮ್ಮನೆ ಕೀಗಳಿಗೆಲ್ಲ ಇಡುವಾಗ ಇದಕ್ಕೂ ಇಟ್ಟೆ. ಅದೊಂದನ್ನೇ ಬಿಡಕ್ಕಾಗುತ್ತಾ?’

ನಾನು ಗ್ರಿಲ್ ಹಿಡಿದೇ ನಿಂತೆ. ನಾನು ಹೊಸ್ತಿಲು ದಾಟದ ಮನೆಯಲ್ಲಿ ನನ್ನ ಮನೆಯ ಬೀಗದ ಕೈ ದೇವರ ಪಕ್ಕದಲ್ಲಿ ಕೂತು ಎರಡು ವರ್ಷ ಪೂಜೆ ಮಾಡಿಸಿಕೊಂಡಿತ್ತು. ಈ ಮಾತಿನಲ್ಲಿ ಎಷ್ಟು ಸಂತೋಷ ಇದೆಯೋ ಅಷ್ಟೇ ನೋವೂ ಇದೆ, ಎರಡನ್ನೂ ನಾನು ಬಚ್ಚಿಡುವುದಿಲ್ಲ. ಆದರೆ ಆ ಗಳಿಗೆಯಲ್ಲಿ ನನಗಾದದ್ದು ಬೆರಗು ಮಾತ್ರ. ಈ ಎರಡು ವರ್ಷದಲ್ಲಿ ನಾವು ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದೆವು. ಅವರು ಬಯಸಿದ್ದರೆ ಯಾವ ದಿನವಾದರೂ ರಸ್ತೆ ದಾಟಿ, ಬೀಗ ತೆಗೆದು, ನಾವು ಹೇಗೆ ಬದುಕುತ್ತೇವೆ, ಏನು ಬೇಯಿಸುತ್ತೇವೆ, ಗೋಡೆಗೆ ಯಾರ ಪಟ ಹಾಕಿದ್ದೇವೆ ಎಂದು ನೋಡಿಬಿಡಬಹುದಿತ್ತು. ನಮ್ಮ ವಠಾರದ ಎಂಟು ಮನೆಯವರ ಕೈಗೆ ಒಂದು ಕೀ ಸಿಕ್ಕಿದ್ದರೆ ಸಂಜೆಯೊಳಗೆ ನೋಡಿ, ರಾತ್ರಿಯೊಳಗೆ ಮಾತಾಡಿ ಮುಗಿಸುತ್ತಿದ್ದರು. ಈ ಹೆಂಗಸು ‘ಯಾವ ಕಡೆಯವರು’ ಎಂದು ಕೇಳಿದವರು, ತಿಳಿದುಕೊಳ್ಳುವ ಅವಕಾಶ ಕೈಯಲ್ಲೇ ಇದ್ದರೂ ತೆರೆಯಲಿಲ್ಲ.

ಬೀಗ ತೆಗೆಯಿತು. ಆಟೋದವರು ಚಪ್ಪಾಳೆ ತಟ್ಟಿದರು. ರಸ್ತೆ ದಾಟಿದ್ದಕ್ಕೆ ವನಜಾಕ್ಷಮ್ಮನವರಿಗೆ ಏದುಸಿರು ಬಂದಿತ್ತು. ನಾನು ಹೇಳುವ ಮೊದಲೇ ವರಾಂಡದ ಕುರ್ಚಿಯ ಮೇಲೆ ಕೂತು, ‘ಸ್ವಲ್ಪ ನೀರು ಕೊಡಿ’ ಎಂದರು. ನಾನು ಲೋಟ ತಂದು ಕೊಟ್ಟು, ನೋಡಬಾರದು ಎಂದುಕೊಂಡೇ ನೋಡಿದೆ. ಅವರು ಎತ್ತಿ ಕುಡಿಯಲಿಲ್ಲ. ತುಟಿಗೆ ಹಚ್ಚಿ, ನಮ್ಮ ಲೋಟವನ್ನು ಕಚ್ಚಿ, ಗಟಗಟನೆ ಪೂರ್ತಿ ಕುಡಿದರು. ನನ್ನ ಕಣ್ಣು ಎಲ್ಲಿದೆ ಎಂದು ಅವರಿಗೆ ಗೊತ್ತಾಯಿತು.

‘ಎತ್ತಿ ಕುಡಿಯೋದು ಬಿಟ್ಟು ನಾಲ್ಕು ವರ್ಷ ಆಯ್ತು ಕಣ್ರೀ. ಕತ್ತು ಮೇಲೆತ್ತಿದ್ರೆ ತಲೆ ಸುತ್ತುತ್ತೆ, ಸ್ಪಾಂಡಿಲೈಟಿಸ್ಸು’ ಎಂದರು.

ಸ್ಪಾಂಡಿಲೈಟಿಸ್‌ನಿಂದ ಬಂದ ಕ್ರಾಂತಿಯನ್ನೂ ನಾನು ಕ್ರಾಂತಿ ಎಂದೇ ಲೆಕ್ಕಕ್ಕೆ ತೆಗೆದುಕೊಂಡೆ. ದೀಪಾ ಅವಸರಪಡಿಸಿದಳು. ಎಲ್ಲಿಗೆ ಹೋಗ್ತಿದೀರಿ, ಏನು ಭಾಷಣ ಎಂದು ಕೇಳಿದ ವನಜಾಕ್ಷಮ್ಮನವರು, ‘ತಡೀರಿ, ನಾನೂ ಬರ್ತೀನಿ. ಮನೇಲಿ ಕೂತು ಸಾಕಾಗಿದೆ’ ಎಂದು ಎದ್ದರು. ತಲೆಯ ಟವೆಲು ತೆಗೆದು, ಅವರ ಮನೆಗೆ ಬೀಗ ಹಾಕಿ ಆಟೋ ಹತ್ತಿದರು. ಆಟೋ ಬಸವನಗುಡಿ ತಲುಪಿದ ಮೇಲೆ ನನಗೆ ನೆನಪಾಯಿತು, ಭಾಷಣದ ಹಾಳೆಗಳು ಮೇಜಿನ ಮೇಲೆಯೇ ಉಳಿದಿವೆ. ಅವು ಭದ್ರವಾಗಿದ್ದವು, ನಾನೇ ಬೀಗ ಹಾಕಿ ಬಂದಿದ್ದೆ.

ವೇದಿಕೆಯ ಮೆಟ್ಟಿಲು ಮೂರೇ ಇದ್ದವು, ಹತ್ತಲು ಒಂದು ಜನ್ಮ ಹಿಡಿದಂತಾಯಿತು. ಮೈಕು ಒಮ್ಮೆ ಕಿರುಚಿತು. ಸಾಲುಸಾಲು ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿ ಕಾಗದವಿಲ್ಲದ್ದರಿಂದ ನಡೆದದ್ದನ್ನೇ ಹೇಳಿದೆ. ವಠಾರ ಹೇಳಿದೆ, ಬರೆಯಲಾಗದ ಸುಶೀಲಳನ್ನೂ ಹೇಳಿದೆ, ಬೆಂಚಿನ ಮೇಲಿನ ನಿದ್ದೆ ಹೇಳಿದಾಗ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಮಾತ್ರ ನಗದೆ ಜೋರಾಗಿ ತಲೆಯಾಡಿಸಿದರು, ಬಹಳ ದಿನದ ನಿದ್ದೆ ಬಾಕಿಯಿರುವವರಂತೆ. ಕೊನೆಗೆ ಹೇಳಿದೆ: ವಠಾರದಲ್ಲಿ ನಾನು ಭದ್ರವಾಗಿದ್ದೆ, ಸ್ವತಂತ್ರಳಾಗಿರಲಿಲ್ಲ. ಗ್ರಿಲ್ಲಿನ ಒಳಗೆ ಎರಡೂ ಆಗಿದ್ದೇನೆ ಎಂದುಕೊಂಡಿದ್ದೆ, ಇವತ್ತು ಬೆಳಿಗ್ಗೆ ನೋಡಿದರೆ ಎರಡೂ ಆಗಿರಲಿಲ್ಲ. ನನ್ನ ಕನಸಿನ ಸಮಾಜ ದೊಡ್ಡದೇನಲ್ಲ. ಅಲ್ಲಿ ನನ್ನ ಬೀಗದ ಕೈ ಎದುರುಮನೆಯವರ ಕೈಯಲ್ಲಿರುತ್ತದೆ. ಕರೆದರೆ ಬಂದು ತೆರೆಯುತ್ತಾರೆ. ಕರೆಯದೆ ತೆರೆಯುವುದಿಲ್ಲ. ಅಷ್ಟೇ.

ಇನ್ನೂ ಏನೋ ಹೇಳಲಿದ್ದೆ. ದೀಪಾ ಪಕ್ಕದಲ್ಲಿ ಬಂದು, ‘ಮೇಡಂ, ಬಿಸಿಬೇಳೆಬಾತ್ ಆರ್ತಿದೆಯಂತೆ’ ಎಂದು ಪಿಸುಗುಟ್ಟಿದಳು. ಇಳಿದುಬಂದೆ. ವನಜಾಕ್ಷಮ್ಮನವರು ಮೊದಲ ಸಾಲಿನಲ್ಲಿ ಕೂತಿದ್ದವರು, ‘ಚೆನ್ನಾಗಿ ಮಾತಾಡಿದ್ರಿ. ಸ್ಪಾಂಡಿಲೈಟಿಸ್ ವಿಷಯ ಹೇಳ್ಲಿಲ್ಲ, ಒಳ್ಳೇದಾಯ್ತು’ ಎಂದರು. ಆಮೇಲೆ ಊಟಕ್ಕೆ ಕೂತಾಗ ಬಾತ್ ಕಲಸುತ್ತ, ನನ್ನ ಕಡೆ ನೋಡದೆ ಹೇಳಿದರು: ‘ಅವತ್ತು ಗೇಟಲ್ಲಿ ನಾನು ಹಾಗೆ ಕೇಳಬಾರದಿತ್ತು. ನೀವು ಚಿಕ್ಕಪೇಟೆ ಅಂದ್ರಲ್ಲ, ಅವತ್ತೇ ನನಗೆ ತಿಳೀತು.’ ಏನು ತಿಳಿಯಿತು ಎಂದು ನಾನು ಕೇಳಲಿಲ್ಲ. ಪಕ್ಕಪಕ್ಕದಲ್ಲಿ ಕೂತು ಊಟ ಮುಗಿಸಿದೆವು. ಮನೆಗೆ ಬಂದು ಆಟೋದಿಂದ ಇಳಿದಾಗ ಅವರು ಬಾಗಿಲು ತೆರೆದು, ಒಳಗಿನಿಂದ ಇನ್ನೊಂದು ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. ‘ಹಗಲು ಒಬ್ಬಳೇ ಇರ್ತೀನಿ. ಬಚ್ಚಲಲ್ಲಿ ಬಿದ್ದುಗಿದ್ದರೆ ಯಾರಾದ್ರೂ ಬೇಕಲ್ಲ. ಇದು ನಿಮ್ಮ ಹತ್ರ ಇರ್ಲಿ.’ ಅದಕ್ಕೂ ಕುಂಕುಮದ ಬೊಟ್ಟಿತ್ತು. ಅಪ್ಪ ಹೊತ್ತ ಮೂಟೆಗಳನ್ನೆಲ್ಲ ಸೇರಿಸಿದರೂ ಅಷ್ಟು ಭಾರವಿರಲಿಕ್ಕಿಲ್ಲ ಎನಿಸಿತು.

ಸಂಜೆ ಯಜಮಾನರನ್ನು ತರಾಟೆಗೆ ತೆಗೆದುಕೊಂಡೆ. ‘ಅವರಿಗೆ ಕೀ ಕೊಟ್ಟಿದ್ದು ನನಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ಈಸ್ಕೊಂಡು ಬಂದು ಅದನ್ನೂ ಭದ್ರವಾಗಿಡ್ತಿದ್ದೆ’ ಎಂದರು.

ವನಜಾಕ್ಷಮ್ಮನವರ ಕೀ ನನ್ನ ಕೈಯಲ್ಲಿತ್ತು, ಅದನ್ನು ಎಲ್ಲಿಡಬೇಕು ಎಂಬ ಯೋಚನೆಯಲ್ಲಿ ಮನೆಯೆಲ್ಲ ಓಡಾಡುತ್ತಿದ್ದೆ. ಇದು ನನ್ನ ಕೀಯಂತಲ್ಲ, ಇನ್ನೊಬ್ಬರು ನಂಬಿ ಕೊಟ್ಟದ್ದು. ಮೊಳೆಗೆ ತೂಗುಹಾಕಿದರೆ ಯಾರಾದರೂ ನೋಡಿಯಾರು, ಪರ್ಸಿನಲ್ಲಿಟ್ಟರೆ ಬಿದ್ದುಹೋದೀತು. ಬಹಳ ಯೋಚಿಸಿ, ಯಾರ ಕಣ್ಣಿಗೂ ಬೀಳದ, ಯಾರ ಬುದ್ಧಿಗೂ ಹೊಳೆಯದ ಒಂದು ಜಾಗದಲ್ಲಿ ಇಟ್ಟೆ. ನಿನ್ನೆ ಅದು ಅಲ್ಲೇ ಇದೆಯೇ ಎಂದು ನೋಡಲು ಹೋದೆ. ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಒಂದು ಕೀ ಕೈಗೆ ಸಿಕ್ಕಿತು. ಕುಂಕುಮವಿಲ್ಲ, ದಾರವಿಲ್ಲ, ಎರಡು ವರ್ಷದಿಂದ ಕಾಣದಿದ್ದ ನನ್ನದು.

ಇವತ್ತು ಬೆಳಿಗ್ಗೆ ವನಜಾಕ್ಷಮ್ಮನವರು ರಂಗೋಲಿ ಹಾಕಿಸುತ್ತ ನಿಂತಿದ್ದವರು, ‘ನಮ್ಮನೆ ಕೀ ಜೋಪಾನ ತಾನೆ ಸರೋಜಮ್ಮ?’ ಎಂದು ಕೇಳಿದರು.

‘ತುಂಬಾ ಭದ್ರವಾಗಿದೆ’ ಎಂದೆ. ನಾನು ಇದಕ್ಕಿಂತ ದೊಡ್ಡ ಸತ್ಯವನ್ನು ಈಚೆಗೆ ನುಡಿದಿಲ್ಲ. ಒಳಗೆ ಬಂದು ಅಕ್ಕಿ ಡಬ್ಬವನ್ನು ಬಗ್ಗಿಸಿಕೊಂಡು ಕೂತಿದ್ದೇನೆ. ಯಜಮಾನರು ಚೀಲ ಹುಡುಕುತ್ತಿದ್ದಾರೆ.